ಲಿವರ್ ಡಾಕ್ಟರ್ ಆಗುವ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಲಿವರ್ ಕಾಯಿಲೆಗಳನ್ನು ನೋಡುವ ವೈದ್ಯ. ಪಿಯುಸಿ ಮಕ್ಕಳು, ಅವರ ಅಪ್ಪ ಅಮ್ಮ, ಎಂಬಿಬಿಎಸ್ ಓದುತ್ತಿರುವವರು, ಎಂಡಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು ಎಲ್ಲರೂ ಒಂದಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ಕೆಲವರು ಫೋನಿನಲ್ಲಿ, ಕೆಲವರು ಮದುವೆ ಮನೆಯ ಊಟದ ಸಾಲಿನಲ್ಲಿ. ಹೆಚ್ಚು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರವೇಶ ಪರೀಕ್ಷೆಗಳ ನಿಯಮ ಆಗಾಗ ಬದಲಾಗುತ್ತದೆ. ಹಾಗಾಗಿ ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಿಕೆಯನ್ನು ತಪ್ಪದೆ ಓದಿಕೊಳ್ಳಿ.

ಹೆಪಟಾಲಜಿಸ್ಟ್ ಅಂದರೆ ಯಾರು?

ಲಿವರ್ ಕಾಯಿಲೆಗಳ ತಜ್ಞ ವೈದ್ಯ. ಕನ್ನಡದಲ್ಲಿ ಯಕೃತ್ತು, ಪಿತ್ತಜನಕಾಂಗ ಎನ್ನುವ ಪದಗಳಿವೆ. ಆದರೆ ವಾರ್ಡಿನಲ್ಲಿ ನಾವೂ ರೋಗಿಗಳೂ ಲಿವರ್ ಅಂತಲೇ ಅನ್ನುತ್ತೇವೆ. ಬಲಗಡೆ ಪಕ್ಕೆಲುಬಿನ ಮರೆಯಲ್ಲಿ ಕೂತಿರುವ, ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗ ಇದು. ಕಾಮಾಲೆ, ಹೆಪಟೈಟಿಸ್ (ಲಿವರಿನ ಉರಿಯೂತ) ಬಿ ಮತ್ತು ಸಿ, ಫ್ಯಾಟಿ ಲಿವರ್, ಕುಡಿತದಿಂದ ಕೆಟ್ಟ ಲಿವರ್, ಲಿವರ್ ಗಟ್ಟಿಯಾಗಿಬಿಡುವ ಸಿರೋಸಿಸ್, ಲಿವರ್ ಕ್ಯಾನ್ಸರ್, ಔಷಧಿಯಿಂದ ಲಿವರಿಗೆ ಆಗುವ ಪೆಟ್ಟು, ಲಿವರ್ ಕಸಿಯ ಮೊದಲು ಮತ್ತು ನಂತರದ ಆರೈಕೆ, ಇವೆಲ್ಲ ನಮ್ಮ ಕೆಲಸ.

ಗ್ಯಾಸ್ಟ್ರೋ ಡಾಕ್ಟರ್ ಕೂಡ ಲಿವರ್ ನೋಡುತ್ತಾರಲ್ಲ?

ನೋಡುತ್ತಾರೆ. ನಮ್ಮ ದೇಶದಲ್ಲಿ ಲಿವರ್ ರೋಗಿಗಳಲ್ಲಿ ಬಹಳ ಜನರನ್ನು ನೋಡಿಕೊಳ್ಳುತ್ತಿರುವವರು ಗ್ಯಾಸ್ಟ್ರೋಎಂಟರಾಲಜಿಸ್ಟ್‌ಗಳೇ. ಡಿಎಂ ಅಂದರೆ ಎಂಡಿ ಆದ ಮೇಲೆ ಮೂರು ವರ್ಷ ಓದುವ ಸೂಪರ್ ಸ್ಪೆಷಾಲಿಟಿ ಕೋರ್ಸ್. ಅವರ ಡಿಎಂ ಕೋರ್ಸಿನಲ್ಲಿ ಅನ್ನನಾಳ, ಹೊಟ್ಟೆ, ಕರುಳು, ಮೇದೋಜೀರಕ ಗ್ರಂಥಿಯ ಜೊತೆಗೆ ಲಿವರ್ ಕೂಡ ದೊಡ್ಡ ಭಾಗ. ಹೆಪಟಾಲಜಿಯಲ್ಲಿ ಡಿಎಂ ಮಾಡಿದವರು ಆ ಮೂರು ವರ್ಷದ ಬಹುಪಾಲನ್ನು ಲಿವರಿಗೇ ಕೊಟ್ಟಿರುತ್ತಾರೆ. ಐಸಿಯುನಲ್ಲಿರುವ ಲಿವರ್ ಫೇಲ್ಯೂರ್ ರೋಗಿ, ಕಸಿ ಬೇಕಾದವರು, ಕಸಿ ಆದವರು ಇವರಿಗೆ ಜಾಸ್ತಿ ಸಿಗುತ್ತಾರೆ. ಗ್ಯಾಸ್ಟ್ರೋದವರಿಗೆ ಎಂಡೋಸ್ಕೋಪಿಯಲ್ಲಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವುದು) ಕೈ ಇನ್ನೂ ಜಾಸ್ತಿ ಪಳಗಿರುತ್ತದೆ. ಗ್ಯಾಸ್ಟ್ರೋದಲ್ಲಿ ಡಿಎಂ ಮಾಡಿ, ಆಮೇಲೆ ದೊಡ್ಡ ಕಸಿ ಕೇಂದ್ರದಲ್ಲಿ ಒಂದೆರಡು ವರ್ಷ ಕೆಲಸ ಮಾಡಿ ಲಿವರ್ ತಜ್ಞರಾದವರೂ ಬೇಕಾದಷ್ಟು ಜನ ಇದ್ದಾರೆ. ಎರಡು ದಾರಿಯೂ ಸರಿಯೇ.

ಒಟ್ಟು ಎಷ್ಟು ವರ್ಷ ಓದಬೇಕು?

ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಎಂಡಿ ಮೂರು ವರ್ಷ, ಡಿಎಂ ಮೂರು ವರ್ಷ. ಕೂಡಿದರೆ ಹನ್ನೊಂದೂವರೆ. ಇದು ಎಲ್ಲ ಪರೀಕ್ಷೆಯನ್ನೂ ಮೊದಲ ಸಲವೇ ದಾಟಿದರೆ ಮಾತ್ರ. ಎಂಡಿ ಸೀಟಿನ ಪರೀಕ್ಷೆ ನೀಟ್ ಪಿಜಿಗೆ ಒಂದು ವರ್ಷ, ಡಿಎಂ ಸೀಟಿನ ಪರೀಕ್ಷೆ ನೀಟ್ ಎಸ್‌ಎಸ್‌ಗೆ ಇನ್ನೊಂದು ವರ್ಷ, ನಡುವೆ ಸರ್ಕಾರಿ ಸೇವೆ ಅಂತ ಹೋಗಿಬಿಡುತ್ತದೆ. 18ಕ್ಕೆ ಪಿಯುಸಿ ಮುಗಿಸಿದವರು 31, 32ಕ್ಕೆ ಲಿವರ್ ಡಾಕ್ಟರ್ ಅನ್ನಿಸಿಕೊಳ್ಳುತ್ತಾರೆ. ಈ ಲೆಕ್ಕವನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಎಂಬಿಬಿಎಸ್ ಆದ ಕೂಡಲೇ ಮಗ ಅಥವಾ ಮಗಳು ಗಳಿಸಲು ಶುರು ಮಾಡುತ್ತಾರೆ ಎಂದು ನಂಬಿಕೊಂಡ ಮನೆಗಳಲ್ಲಿ ಆಮೇಲೆ ತುಂಬಾ ನೋವಾಗುತ್ತದೆ.

ಪಿಯುಸಿಯಲ್ಲಿ ಏನು ಓದಿರಬೇಕು? ಕನ್ನಡ ಮಾಧ್ಯಮದವರಿಗೆ ಆಗುತ್ತದಾ?

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಆಮೇಲೆ ಎಂಬಿಬಿಎಸ್ ಸೀಟಿಗೆ ನೀಟ್ ಯುಜಿ ಬರೆಯಬೇಕು. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ.

ಕನ್ನಡ ಮಾಧ್ಯಮದವರಿಗೆ ಖಂಡಿತ ಆಗುತ್ತದೆ. ಕರ್ನಾಟಕದಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಹಳ್ಳಿ ಶಾಲೆಯಲ್ಲಿ ಓದಿದವರಿಗೆ, ಕಲ್ಯಾಣ ಕರ್ನಾಟಕದವರಿಗೆ ಬೇರೆ ಬೇರೆ ಮೀಸಲಾತಿ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಅದನ್ನು ಕೇಳಿಕೊಳ್ಳಬೇಕು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಲು, ಬಿಇಒ ಸಹಿ ಹಾಕಿಸಲು ಕೊನೆಯ ವಾರದವರೆಗೆ ಕಾಯಬೇಡಿ. ಒಳ್ಳೆಯ ರ‍್ಯಾಂಕ್ ಬಂದೂ ಒಂದು ಕಾಗದದಿಂದ ಸೀಟು ತಪ್ಪಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ.

ಮೊದಲ ವರ್ಷದ ಅನಾಟಮಿ ಪುಸ್ತಕ ಇಂಗ್ಲಿಷಿನಲ್ಲಿ ಬೆಟ್ಟದ ಹಾಗೆ ಕಾಣುತ್ತದೆ, ನಿಜ. ಆರು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಮುಂದೆ ವಾರ್ಡಿಗೆ ಕಾಲಿಟ್ಟಾಗ ಲೆಕ್ಕ ತಿರುಗಿಬಿಡುತ್ತದೆ. ರಾಯಚೂರಿನ ಅಜ್ಜಿ ‘ಹೊಟ್ಟಿ ಉಬ್ಬಸಾಕತ್ತೈತ್ರಿ’ ಎಂದಾಗ ಅದು ಗ್ಯಾಸೋ, ನೀರೋ, ಉಸಿರಿನ ತೊಂದರೆಯೋ ಎಂದು ಕೇಳಿ ತಿಳಿಯಲು ಆ ಅಜ್ಜಿಯ ಮಾತೇ ಬರಬೇಕು.

ಎಂಬಿಬಿಎಸ್ ಓದುವಾಗಲೇ ಲಿವರ್ ಬಗ್ಗೆ ಜಾಸ್ತಿ ಓದಬೇಕಾ?

ಬೇಡ. ಎಲ್ಲ ವಿಷಯವನ್ನೂ ಸರಿಯಾಗಿ ಓದಿ. ಫಿಸಿಯಾಲಜಿ ಮತ್ತು ಪ್ಯಾಥಾಲಜಿ ಗಟ್ಟಿ ಇದ್ದರೆ ಸಾಕು. ಹೊಟ್ಟೆ ಮುಟ್ಟಿ ನೋಡುವುದನ್ನು ಮಾತ್ರ ಈಗಲೇ ಚೆನ್ನಾಗಿ ಕಲಿಯಿರಿ. ಲಿವರಿನ ಅಂಚು ಬೆರಳಿಗೆ ಸಿಗುವುದು, ಗುಲ್ಮ (ಸ್ಪ್ಲೀನ್) ದೊಡ್ಡದಾಗಿರುವುದು, ಪಕ್ಕಕ್ಕೆ ಮಲಗಿಸಿ ತಟ್ಟಿದಾಗ ನೀರು ಜರುಗುವುದು ಇವೆಲ್ಲ ಕೈಗೆ ಬರಬೇಕಾದ ವಿದ್ಯೆ. ಸ್ಕ್ಯಾನ್ ಇದೆಯಲ್ಲ ಎಂದು ಬಿಟ್ಟವರು ಮುಂದೆ ರಾತ್ರಿ ಡ್ಯೂಟಿಯಲ್ಲಿ ಪರದಾಡುತ್ತಾರೆ.

ಎಂಡಿ ಯಾವುದರಲ್ಲಿ ಮಾಡಬೇಕು?

ಜನರಲ್ ಮೆಡಿಸಿನ್. ಮಕ್ಕಳ ಲಿವರ್ ಕಾಯಿಲೆ ನೋಡಬೇಕು ಎಂದಿದ್ದರೆ ಪೀಡಿಯಾಟ್ರಿಕ್ಸ್. ಎಂಡಿಗೆ ಸಮನಾದ ಡಿಎನ್‌ಬಿ ಮಾಡಿದವರಿಗೂ ಮುಂದಿನ ದಾರಿ ತೆರೆದಿರುತ್ತದೆ.

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ‘ಸರ್, ನನಗೆ ಲಿವರ್ ಒಂದೇ ಇಷ್ಟ, ಮೆಡಿಸಿನ್ ಮೂರು ವರ್ಷ ಹೇಗೋ ಕಳೆದುಬಿಡುತ್ತೇನೆ’ ಎನ್ನುವವರು ಸಿಗುತ್ತಾರೆ. ನನ್ನ ಅನುಭವದಲ್ಲಿ ಲಿವರ್ ಡಾಕ್ಟರ್ ತಯಾರಾಗುವುದೇ ಆ ಮೂರು ವರ್ಷದಲ್ಲಿ. ಲಿವರ್ ಕೆಟ್ಟಾಗ ಅದು ಒಂದೇ ಕೆಡುವುದಿಲ್ಲ. ಕಿಡ್ನಿ ಕೈ ಕೊಡುತ್ತದೆ. ಸೋಡಿಯಂ ಇಳಿಯುತ್ತದೆ. ಶ್ವಾಸಕೋಶದ ಸುತ್ತ ನೀರು ಸೇರುತ್ತದೆ. ಮಿದುಳಿಗೆ ಮಂಕು ಕವಿಯುತ್ತದೆ. ರಕ್ತ ಹೆಪ್ಪುಗಟ್ಟುವ ಲೆಕ್ಕವೇ ಏರುಪೇರಾಗುತ್ತದೆ. ಸೋಂಕು ಯಾವ ಮೂಲೆಯಿಂದಲಾದರೂ ಬರುತ್ತದೆ. ಇದನ್ನೆಲ್ಲ ಒಟ್ಟಿಗೆ ನೋಡಲು ಒಳ್ಳೆಯ ಫಿಜಿಷಿಯನ್ ಆಗಿರಲೇಬೇಕು. ನನ್ನ ಎಂಡಿ ಗುರುಗಳು ರೌಂಡ್ಸಿನಲ್ಲಿ ರಿಪೋರ್ಟ್ ಕೇಳುವ ಮೊದಲು ‘ನಿನ್ನೆಗಿಂತ ಇವತ್ತು ಇವರು ಹೇಗಿದ್ದಾರೆ?’ ಎಂದು ಕೇಳುತ್ತಿದ್ದರು. ನಿನ್ನೆ ಹೇಗಿದ್ದರು ಎಂದು ಗೊತ್ತಿಲ್ಲದವರು ಉತ್ತರ ಹೇಳಲಾಗದೆ ತಲೆ ತಗ್ಗಿಸುತ್ತಿದ್ದೆವು.

ಈಗ ಎಂಡಿ ಓದುವವರು ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳು ಕೆಲಸ ಮಾಡಬೇಕು. ಅದನ್ನು ಶಿಕ್ಷೆ ಅಂದುಕೊಳ್ಳಬೇಡಿ. ರಕ್ತ ವಾಂತಿ ಮಾಡಿಕೊಂಡ ರೋಗಿ ಮೊದಲು ಬರುವುದು ಅಲ್ಲಿಗೇ. ಅಲ್ಲಿ ಎಂಡೋಸ್ಕೋಪಿ ಇಲ್ಲದಿದ್ದಾಗ ಏನು ಮಾಡಿ ಕಳಿಸಬೇಕು ಎಂದು ಗೊತ್ತಿದ್ದರೆ, ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ಕೂತು ‘ಯಾಕೆ ಲೇಟಾಗಿ ಕಳಿಸಿದಿರಿ?’ ಎಂದು ಫೋನಿನಲ್ಲಿ ರೇಗುವುದಿಲ್ಲ.

ಡಿಎಂ ಸೀಟಿಗೆ ಪರೀಕ್ಷೆ ಹೇಗೆ?

ನೀಟ್ ಎಸ್‌ಎಸ್ ಎಂಬ ಪರೀಕ್ಷೆ ಇದೆ. 2017ರಿಂದ ದೇಶಕ್ಕೆಲ್ಲ ಇದು ಒಂದೇ. ಜನರಲ್ ಮೆಡಿಸಿನ್ ಮಾಡಿದವರೆಲ್ಲ ಒಂದೇ ಗುಂಪಿನ ಪತ್ರಿಕೆ ಬರೆಯುತ್ತಾರೆ. ರ‍್ಯಾಂಕ್ ಬಂದ ಮೇಲೆ ಕೌನ್ಸೆಲಿಂಗ್‌ನಲ್ಲಿ ಹೃದಯವೋ, ನರವೋ, ಗ್ಯಾಸ್ಟ್ರೋವೋ, ಹೆಪಟಾಲಜಿಯೋ ಎಂದು ಆರಿಸಿಕೊಳ್ಳಬೇಕು. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್ ತರಹದ ಸಂಸ್ಥೆಗಳಿಗೆ ಐಎನ್‌ಐ ಎಸ್‌ಎಸ್ ಎಂಬ ಬೇರೆ ಪರೀಕ್ಷೆ.

ಒಂದು ಕಿವಿಮಾತು. ರ‍್ಯಾಂಕ್ ಬಂತು ಅಂತ ಸುಮ್ನೆ ಯಾವುದೋ ವಿಭಾಗ ಹಿಡಿಯಬೇಡಿ. ಎಂಡಿ ಮೂರನೇ ವರ್ಷದಲ್ಲಿ ರಾತ್ರಿ ಎರಡು ಗಂಟೆಗೆ ಯಾವ ರೋಗಿಯ ಹತ್ತಿರ ಬೇಸರವಿಲ್ಲದೆ ಎದ್ದು ಹೋಗುತ್ತಿದ್ದಿರಿ? ಅದನ್ನು ನೆನಪು ಮಾಡಿಕೊಂಡು ಆರಿಸಿ.

ಹೆಪಟಾಲಜಿಯಲ್ಲಿ ಡಿಎಂ ಎಲ್ಲಿದೆ? ಕರ್ನಾಟಕದಲ್ಲಿ ಓದಬಹುದಾ?

ದೆಹಲಿಯ ವಸಂತ ಕುಂಜ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಲಿವರ್ ಅಂಡ್ ಬಿಲಿಯರಿ ಸೈನ್ಸಸ್ ಲಿವರಿಗೆಂದೇ ಕಟ್ಟಿದ ಸಂಸ್ಥೆ. ಎಲ್ಲರೂ ಐಎಲ್‌ಬಿಎಸ್ ಅನ್ನುತ್ತಾರೆ. ಡಾ. ಶಿವಕುಮಾರ್ ಸರೀನ್ ಅದನ್ನು ಬೆಳೆಸಿದವರು. ಚಂಡೀಗಢದ ಪಿಜಿಐನಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ ಹೆಪಟಾಲಜಿಗೆ ಪ್ರತ್ಯೇಕ ವಿಭಾಗಗಳಿವೆ. ಗ್ಯಾಸ್ಟ್ರೋ ಸೀಟುಗಳಿಗೆ ಹೋಲಿಸಿದರೆ ಹೆಪಟಾಲಜಿ ಸೀಟುಗಳು ಕಡಿಮೆ. ನಮ್ಮ ಕಡೆಯವರಿಗೆ ವೆಲ್ಲೂರು ಹತ್ತಿರ. ಅಲ್ಲಿನ ವಾರ್ಡಿನಲ್ಲಿ ಕೋಲಾರ, ಚಿತ್ತೂರು ಕಡೆಯ ರೋಗಿಗಳೂ ಸಿಗುತ್ತಾರೆ.

ಕರ್ನಾಟಕದಲ್ಲಿ ಗ್ಯಾಸ್ಟ್ರೋಎಂಟರಾಲಜಿ ಡಿಎಂ ಓದಬಹುದು. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಈ ಕೋರ್ಸ್ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಗ್ಯಾಸ್ಟ್ರೋ ಮತ್ತು ಅಂಗಾಂಗ ಕಸಿಗೆಂದೇ ಸರ್ಕಾರಿ ಸಂಸ್ಥೆಯೂ ಬಂದಿದೆ. ಬಡವರು ಲಿವರ್ ಕಸಿಯ ಮಾತನ್ನಾದರೂ ಆಡುವಂತಾಗಬೇಕು ಎಂದರೆ ಇಂತಹವು ಇನ್ನೂ ಬೇಕು. ಹುಬ್ಬಳ್ಳಿ, ಕಲಬುರಗಿಯ ರೋಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಎಷ್ಟೋ ಸಲ ಕಾಲ ಮೀರಿರುತ್ತದೆ.

ಪ್ರತಿ ವರ್ಷ ಸೀಟಿನ ಪಟ್ಟಿ ಬದಲಾಗುತ್ತದೆ. ಆ ವರ್ಷದ ಕೌನ್ಸೆಲಿಂಗ್ ಪಟ್ಟಿಯನ್ನೇ ನಂಬಿ.

ಡಿಎಂ ಮೂರು ವರ್ಷ ಏನು ಕಲಿಸುತ್ತಾರೆ?

ಮೊದಲ ವರ್ಷ ಹೆಚ್ಚಾಗಿ ವಾರ್ಡ್ ಮತ್ತು ಐಸಿಯು. ಲಿವರ್ ಕೆಟ್ಟವರ ಹೊಟ್ಟೆಯಲ್ಲಿ ತುಂಬಿದ ನೀರನ್ನು ಸೂಜಿ ಹಾಕಿ ತೆಗೆಯುವುದು ಮೊದಲ ವಾರದಲ್ಲೇ ಬರುತ್ತದೆ. ಐದು ಲೀಟರಿಗಿಂತ ಜಾಸ್ತಿ ತೆಗೆದರೆ ಆಲ್ಬುಮಿನ್ ಎಂಬ ಪ್ರೋಟೀನ್ ಕೊಡಬೇಕು, ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟು. ತೆಗೆದ ನೀರಿನಲ್ಲಿ ಸೋಂಕಿದೆಯಾ ಎಂದು ಅದೇ ದಿನ ನೋಡಬೇಕು. ಪುಸ್ತಕದಲ್ಲಿ ಇವು ಎರಡೇ ಸಾಲು. ವಾರ್ಡಿನಲ್ಲಿ ಇವುಗಳ ಮೇಲೆ ಜೀವ ನಿಂತಿರುತ್ತದೆ.

ಆಮೇಲೆ ಎಂಡೋಸ್ಕೋಪಿ. ಲಿವರ್ ಗಟ್ಟಿಯಾದಾಗ ಅದರೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಅದು ಬೇರೆ ದಾರಿ ಹುಡುಕುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಒಡೆದರೆ ರೋಗಿ ಬಟ್ಟಲುಗಟ್ಟಲೆ ರಕ್ತ ಕಾರುತ್ತಾರೆ. ಎಂಡೋಸ್ಕೋಪಿಯ ತುದಿಯಿಂದ ಆ ಉಬ್ಬಿಗೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತೇವೆ. ಹೊಟ್ಟೆಯೊಳಗಿನ ಉಬ್ಬಿಗೆ ಅಂಟಿನಂತಹ ಔಷಧ ಚುಚ್ಚುತ್ತೇವೆ. ಮೊದಲ ಸಲ ಪರದೆ ತುಂಬಾ ಕೆಂಪಾಗಿ ಏನೂ ಕಾಣದೆ ನಿಂತಾಗ ನನ್ನ ಕೈ ನಡುಗಿತ್ತು. ಹಿಂದೆ ನಿಂತಿದ್ದ ಸೀನಿಯರ್ ‘ನೀರು ಹಾಯಿಸು, ನಿಧಾನ, ನಾನು ಇಲ್ಲೇ ಇದ್ದೇನೆ’ ಎಂದರು. ಈಗ ನಾನೂ ಹಿಂದೆ ನಿಂತಾಗ ಅದೇ ಮಾತು ಹೇಳುತ್ತೇನೆ.

ಲಿವರ್ ಬಯಾಪ್ಸಿ, ಕುತ್ತಿಗೆಯ ರಕ್ತನಾಳದ ಮೂಲಕ ಒತ್ತಡ ಅಳೆಯುವುದು, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್, ಲಿವರಿನೊಳಗೆ ಸ್ಟೆಂಟ್ ಹಾಕಿ ಒತ್ತಡ ಇಳಿಸುವ ಟಿಪ್ಸ್ ಯಾರಿಗೆ ಬೇಕು ಎಂದು ನಿರ್ಧರಿಸುವುದು, ಇವೆಲ್ಲ ಇರುತ್ತವೆ. ಟಿಪ್ಸ್ ಹಾಕುವುದು ಸಾಮಾನ್ಯವಾಗಿ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ನೋಡಿಕೊಂಡು ಸೂಜಿ, ಕೊಳವೆಯಿಂದ ಚಿಕಿತ್ಸೆ ಮಾಡುವ ವೈದ್ಯರು. ಕೊನೆಯ ವರ್ಷ ಕಸಿ ಕ್ಲಿನಿಕ್. ಬಿಲಿರುಬಿನ್, ಕ್ರಿಯಾಟಿನಿನ್, ಐಎನ್‌ಆರ್ ಎಂಬ ರಕ್ತ ಪರೀಕ್ಷೆಯ ಅಂಕಿಗಳನ್ನು ಹಾಕಿ, ಲಿವರ್ ಎಷ್ಟು ಕೆಟ್ಟಿದೆ ಎಂದು ಹೇಳುವ ಮೆಲ್ಡ್ ಸ್ಕೋರ್ ಲೆಕ್ಕ ಹಾಕುವುದು ಎರಡು ನಿಮಿಷದ ಕೆಲಸ. ಆ ಅಂಕಿ ಏನು ಹೇಳುತ್ತಿದೆ ಎಂದು ರೋಗಿಯ ಹೆಂಡತಿಗೆ ಕೂರಿಸಿ ಹೇಳಲು ಒಂದು ಗಂಟೆ ಬೇಕು. ಸಂಶೋಧನೆಯೂ ಮಾಡಬೇಕು, ಪೇಪರ್ ಬರೆಯಬೇಕು. ಭಾರತದ ಲಿವರ್ ತಜ್ಞರ ಸಂಘ ಇನಾಸಲ್ ಪ್ರತಿ ವರ್ಷ ಸಮ್ಮೇಳನ ಮಾಡುತ್ತದೆ. ಅಲ್ಲಿ ಒಮ್ಮೆಯಾದರೂ ನಿಮ್ಮ ಕೆಲಸವನ್ನು ಹೇಳಿಬನ್ನಿ.

ಲಿವರ್ ಕಸಿ ಆಪರೇಷನ್ ಮಾಡುವುದು ನೀವೇನಾ?

ಅಲ್ಲ. ಅದು ಸರ್ಜನ್‌ಗಳ ಕೆಲಸ. ಅವರ ದಾರಿ ಬೇರೆ: ಎಂಎಸ್ ಜನರಲ್ ಸರ್ಜರಿ, ಆಮೇಲೆ ಎಂಸಿಎಚ್ (ಸರ್ಜರಿಯ ಸೂಪರ್ ಸ್ಪೆಷಾಲಿಟಿ), ಆಮೇಲೆ ಕಸಿ ಕೇಂದ್ರದಲ್ಲಿ ವರ್ಷಗಟ್ಟಲೆ ತರಬೇತಿ. ಯಾರಿಗೆ ಕಸಿ ಬೇಕು, ಯಾವಾಗ ಬೇಕು, ಅಲ್ಲಿಯವರೆಗೆ ಹೇಗೆ ಕಾಪಾಡಬೇಕು ಎಂದು ನೋಡುವುದು ನಾವು. ಆಪರೇಷನ್ ಆದ ಮೇಲೆ ಹೊಸ ಲಿವರನ್ನು ದೇಹ ತಳ್ಳಿಹಾಕದ ಹಾಗೆ ಕೊಡುವ ಮಾತ್ರೆಗಳ ಲೆಕ್ಕವೂ ನಮ್ಮದು. ಅದು ಸಾಮಾನ್ಯವಾಗಿ ಜೀವನಪೂರ್ತಿ.

1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯರಲ್ಲಿ ಮೊದಲ ಲಿವರ್ ಕಸಿ ಮಾಡಿದಾಗ ರೋಗಿ ಉಳಿಯಲಿಲ್ಲ. ರೋಗಿ ಒಂದು ವರ್ಷಕ್ಕಿಂತ ಹೆಚ್ಚು ಬದುಕುವುದಕ್ಕೆ 1967ರವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿ 1994ರ ಅಂಗಾಂಗ ಕಸಿ ಕಾನೂನು ಬಂದ ಮೇಲೆ ದಾರಿ ತೆರೆಯಿತು. 1998ರಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ಕಾಂಚೀಪುರದ ಒಂದು ಮಗುವಿಗೆ ತಂದೆಯ ಲಿವರಿನ ತುಂಡು ಹಾಕಿದರು. ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿಹೋಗಿದ್ದ ಮಗು ಅದು. ಆ ಮಗು ಬದುಕಿತು, ಬೆಳೆಯಿತು, ಎಂಬಿಬಿಎಸ್ ಓದಿ ಡಾಕ್ಟರ್ ಆಯಿತು. ಈ ಸಂಗತಿಯನ್ನು ಹೇಳುವಾಗ ನನಗೆ ಇಂದಿಗೂ ಗಂಟಲು ತುಂಬಿ ಬರುತ್ತದೆ.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳನ್ನು ಹಂಚುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ಮಿದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಿ ಹೇಳಬೇಕು. ಕಸಿ ಮಾಡುವ ತಂಡದವರು ಅದರಲ್ಲಿ ಇರುವ ಹಾಗಿಲ್ಲ. ದಾನಿಯ ಮನೆಯವರಿಗೆ ಅನುಮಾನ ಬರಬಾರದು ಎಂದು ಈ ನಿಯಮ. ಡಿಎಂ ಓದುವಾಗ ಕಾನೂನಿನ ಈ ಭಾಗವನ್ನೂ ಬಾಯಿಪಾಠದ ಹಾಗೆ ತಿಳಿದುಕೊಳ್ಳಿ.

ನಿಮ್ಮ ಹತ್ತಿರ ಬರುವವರೆಲ್ಲ ಕುಡುಕರೇ ಅಲ್ವಾ?

ಈ ಪ್ರಶ್ನೆಯನ್ನು ಎಂಬಿಬಿಎಸ್ ಮಕ್ಕಳೂ ಕೇಳುತ್ತಾರೆ. ಹಾಗಾಗಿ ಇದಕ್ಕೆ ಉದ್ದ ಉತ್ತರ ಬರೆಯುತ್ತೇನೆ.

ಮೊದಲನೆಯದು, ಎಲ್ಲರೂ ಅಲ್ಲ. ಹುಟ್ಟುವಾಗ ತಾಯಿಯಿಂದ ಹೆಪಟೈಟಿಸ್ ಬಿ ಬಂದವರು, ಹಿಂದೆ ಯಾವಾಗಲೋ ರಕ್ತ ಏರಿಸಿಕೊಂಡು ಹೆಪಟೈಟಿಸ್ ಸಿ ಬಂದವರು, ಶುಗರ್ ಮತ್ತು ಬೊಜ್ಜಿನಿಂದ ಲಿವರಿನಲ್ಲಿ ಕೊಬ್ಬು ಸೇರಿದವರು, ತನ್ನ ಲಿವರನ್ನು ತನ್ನ ದೇಹವೇ ಹಾಳು ಮಾಡುವ ಆಟೋಇಮ್ಯೂನ್ ಕಾಯಿಲೆಯವರು, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಮಕ್ಕಳು ಎಲ್ಲ ಬರುತ್ತಾರೆ. ಒಂದು ತೊಟ್ಟೂ ಮುಟ್ಟದ ಗೃಹಿಣಿಗೆ ಸಿರೋಸಿಸ್ ಅಂದಾಗ ಬಂಧುಗಳು ಗುಟ್ಟಾಗಿ ‘ಇವಳು ಕುಡೀತಿದ್ಳಾ?’ ಎಂದು ನಮ್ಮನ್ನು ಕೇಳುತ್ತಾರೆ. ಆ ಹೆಂಗಸಿಗೆ ಕಾಯಿಲೆಗಿಂತ ಆ ಮಾತೇ ಜಾಸ್ತಿ ನೋವು.

ಎರಡನೆಯದು, ಕುಡಿತದಿಂದ ಬಂದವರೂ ರೋಗಿಗಳೇ. ನಾನು ಕಲಿತ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಉಬ್ಬಿದ ಗಂಡಸು ಬಂದರೆ ಕೇಸ್ ಶೀಟಿನಲ್ಲಿ ಮೊದಲು ‘ಆಲ್ಕೋಹಾಲಿಕ್’ ಎಂದು ಬರೆದು, ಆಮೇಲೆ ಮುಟ್ಟಿ ನೋಡುತ್ತಿದ್ದರು. ಒಬ್ಬರಿಗೆ ಹಾಗೆಯೇ ಬರೆದಿದ್ದರು. ನಾನೂ ಮರುಮಾತಿಲ್ಲದೆ ನಂಬಿದೆ. ವಾರ ಕಳೆದ ಮೇಲೆ ಹೊಟ್ಟೆಯ ನೀರಿನ ರಿಪೋರ್ಟಿನಿಂದ ಅದು ಕ್ಷಯ ಎಂದು ಗೊತ್ತಾಯಿತು. ಅವರು ಕುಡಿಯುತ್ತಿದ್ದದ್ದು ನಿಜ. ಆದರೆ ಹೊಟ್ಟೆಯಲ್ಲಿ ನೀರು ತುಂಬಲು ಅದು ಕಾರಣವಾಗಿರಲಿಲ್ಲ. ಆ ಒಂದು ವಾರ ನನ್ನ ಮನಸ್ಸಿನಿಂದ ಹೋಗಿಲ್ಲ. ಆವತ್ತಿನಿಂದ ನಾನು ಮೊದಲು ಹೊಟ್ಟೆ ಮುಟ್ಟುತ್ತೇನೆ, ಆಮೇಲೆ ಕುಡಿತದ ಮಾತು ಕೇಳುತ್ತೇನೆ.

ಕೇಳುವುದೂ ಒಂದು ವಿದ್ಯೆ. ‘ಕುಡೀತೀರಾ?’ ಎಂದರೆ ‘ಇಲ್ಲ ಸಾರ್, ಯಾವಾಗ್ಲೋ ಒಂದು’ ಎಂಬ ಉತ್ತರ ಬರುತ್ತದೆ. ಪಕ್ಕದಲ್ಲಿ ಹೆಂಡತಿ, ಮಗ ನಿಂತಿರುತ್ತಾರೆ. ಅವರನ್ನು ಟೀ ಕುಡಿದು ಬನ್ನಿ ಎಂದು ಕಳಿಸಿ, ಸ್ಟೂಲ್ ಎಳೆದು ಕೂತು, ‘ಕೆಲಸ ಮುಗಿದ ಮೇಲೆ ಸಂಜೆ ಹೇಗೆ ಕಳೆಯುತ್ತೀರಿ?’ ಎಂದು ಕೇಳಿ. ಕ್ವಾರ್ಟರ್ ಲೆಕ್ಕದಲ್ಲಿ ಮಾತಾಡಿ, ಮಿಲಿಲೀಟರ್ ಬೇಡ. ಯಾವಾಗ ಶುರುವಾಯಿತು, ಯಾಕೆ ಜಾಸ್ತಿಯಾಯಿತು ಎಂದು ಕೇಳಿದಾಗ ಸತ್ತ ಮಗನ ವಿಷಯ, ಮುಳುಗಿದ ಬೆಳೆಯ ವಿಷಯ ಬರುತ್ತದೆ. ಬಿಡಿಸಲು ಮನೋವೈದ್ಯರ ಸಹಾಯ ಬೇಕು. ಒಂದೇ ಸಲ ನಿಲ್ಲಿಸಿದರೆ ಕೆಲವರಿಗೆ ಫಿಟ್ಸ್ ಬರಬಹುದು, ಭ್ರಮೆ ಆಗಬಹುದು. ಅದಕ್ಕೂ ತಯಾರಿರಬೇಕು. ಪೂರ್ತಿ ಬಿಟ್ಟವರಲ್ಲಿ ಲಿವರ್ ಎಷ್ಟರಮಟ್ಟಿಗೆ ಚೇತರಿಸಿಕೊಳ್ಳುತ್ತದೆ ಎಂದರೆ, ಕಸಿಯ ಪಟ್ಟಿಯಿಂದ ಹೆಸರು ತೆಗೆಯುವಷ್ಟು ಸುಧಾರಿಸಿದವರೂ ಇದ್ದಾರೆ. ಬೈಗುಳದಿಂದ ಬಿಟ್ಟವರನ್ನು ನಾನು ನೋಡಿಲ್ಲ.

ಲಿವರ್ ತಜ್ಞರ ತರಬೇತಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಬ್ಯಾಂಡ್ ಹಾಕುವುದನ್ನು ಯಾರಾದರೂ ಕಲಿಸಿಕೊಡುತ್ತಾರೆ. ಇದನ್ನು ನೀವೇ ಕಲಿಯಬೇಕು.

ಕಾಮಾಲೆಗೆ ನಾಟಿ ಔಷಧ ಮಾಡಿಸಿ ಬಂದವರ ಹತ್ತಿರ ಹೇಗೆ ಮಾತಾಡುವುದು?

ಕೈಗೆ ಬರೆ ಹಾಕಿಸಿಕೊಂಡು, ಮೂಗಿಗೆ ಹನಿ ಬಿಡಿಸಿಕೊಂಡು, ನೆಲನೆಲ್ಲಿ ರಸ ಕುಡಿದು ಬರುವವರು ಬಹಳ. ಅವರಿಗೆ ಬೈದರೆ ಮುಂದಿನ ಸಲ ಹೇಳದೆ ಮುಚ್ಚಿಡುತ್ತಾರೆ. ನೀರಿನಿಂದ, ಊಟದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಯಾರು ಏನು ಕೊಟ್ಟರೂ ಗುಣವಾದ ಹಾಗೆ ಕಾಣುತ್ತದೆ. ಇದನ್ನು ಬಿಡಿಸಿ ಹೇಳಿದರೆ ಹಳ್ಳಿಯ ಹಿರಿಯರೂ ತಲೆದೂಗುತ್ತಾರೆ. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಮಾತ್ರ ಜೀವಕ್ಕೇ ಅಪಾಯ. ಅಲ್ಲಿ ಒಂದು ದಿನವೂ ತಡ ಮಾಡಬಾರದು. ಪಥ್ಯ ಎಂದು ಬರೀ ಗಂಜಿ, ಕಬ್ಬಿನ ಹಾಲಿನಲ್ಲಿ ಇಟ್ಟು ಸೊರಗಿಸುವುದೂ ತಪ್ಪು. ಬೇಳೆ, ಮೊಟ್ಟೆ, ಮುದ್ದೆ ಎಲ್ಲ ತಿನ್ನಬಹುದು. ಸಿರೋಸಿಸ್ ಇದ್ದವರಿಗೂ ಪ್ರೋಟೀನ್ ಬೇಕು. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪಿನಕಾಯಿ, ಹಪ್ಪಳ ಬಿಡಬೇಕು.

ಕೆಲವು ಗಿಡಮೂಲಿಕೆಗಳಿಂದಲೂ ಲಿವರಿಗೆ ಪೆಟ್ಟಾಗುತ್ತದೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ತಿಂದು ಹೆಪಟೈಟಿಸ್ ಬಂದವರ ಬಗ್ಗೆ ಭಾರತದ ವೈದ್ಯರೇ ವರದಿ ಬರೆದರು. ‘ಏನೇನು ತಗೊಂಡಿದ್ದೀರಿ, ತಂದು ತೋರಿಸಿ’ ಎಂದು ಪ್ರೀತಿಯಿಂದ ಕೇಳಿದರೆ ಚೀಲದಿಂದ ಎಲ್ಲವೂ ಹೊರಗೆ ಬರುತ್ತದೆ.

ನಮಗೇ ಸೋಂಕು ತಗಲುವುದಿಲ್ಲವಾ?

ಸೂಜಿ ಚುಚ್ಚಿಕೊಂಡರೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ ಎಚ್‌ಐವಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ಲಸಿಕೆ ಇದೆ. ಸೊನ್ನೆ, ಒಂದು, ಆರನೇ ತಿಂಗಳು ಎಂದು ಮೂರು ಡೋಸ್. ವಾರ್ಡಿಗೆ ಹೋಗುವ ಮೊದಲೇ ಹಾಕಿಸಿಕೊಳ್ಳಿ, ಆಮೇಲೆ ರಕ್ತ ಪರೀಕ್ಷೆಯಲ್ಲಿ ರಕ್ಷಣೆ ಬಂದಿದೆಯಾ ನೋಡಿಸಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆ ಇದೆ. ಮುಟ್ಟುವುದರಿಂದ, ಜೊತೆಗೆ ಊಟ ಮಾಡುವುದರಿಂದ ಬಿ ಮತ್ತು ಸಿ ಹರಡುವುದಿಲ್ಲ. ಇದನ್ನು ರೋಗಿಯ ಮುಂದೆ ಬಾಯಲ್ಲಿ ಹೇಳುವುದಕ್ಕಿಂತ ಅವರ ಕೈ ಹಿಡಿದು ಮಾತಾಡಿದರೆ ಬೇಗ ಅರ್ಥವಾಗುತ್ತದೆ.

ಹೆಣ್ಣುಮಕ್ಕಳಿಗೆ ಈ ದಾರಿ ಕಷ್ಟವಾ?

ಕೆಲಸ ಇಬ್ಬರಿಗೂ ಒಂದೇ. ಕಷ್ಟವಾಗುವುದು ಮನೆಯವರು ‘ಇನ್ನೂ ಎಷ್ಟು ಓದು?’ ಎಂದು ಕೇಳುವುದರಿಂದ. ಇಂದು ನಾವು ಓದುವ ಲಿವರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ದೊಡ್ಡ ಹೆಸರು ಶೀಲಾ ಶರ್ಲಾಕ್ ಎಂಬ ಮಹಿಳೆಯದು. 1959ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಮೆಡಿಸಿನ್ ಪ್ರೊಫೆಸರ್ ಆದರು. ಬ್ರಿಟನ್ನಿನಲ್ಲಿ ಆ ಹುದ್ದೆಗೆ ಏರಿದ ಮೊದಲ ಮಹಿಳೆ ಅವರೇ. ಮದುವೆ, ಮಗು ಎಂದು ಮಧ್ಯೆ ಬಿಡುವು ತಗೊಂಡು ಮತ್ತೆ ಬಂದ ಸಹೋದ್ಯೋಗಿಗಳು ನನಗಿದ್ದಾರೆ. ಅವರ ರಜೆಯ ಡ್ಯೂಟಿಯನ್ನು ಉಳಿದವರು ಗೊಣಗದೆ ಹಂಚಿಕೊಳ್ಳುವುದು ವಿಭಾಗದ ಜವಾಬ್ದಾರಿ.

ವಿದೇಶದಲ್ಲಿ ಓದಬೇಕೆಂದರೆ?

ಅಮೆರಿಕದಲ್ಲಿ ಯುಎಸ್‌ಎಂಎಲ್‌ಇ ಎಂಬ ಲೈಸೆನ್ಸ್ ಪರೀಕ್ಷೆ ಬರೆದು, ಇಂಟರ್ನಲ್ ಮೆಡಿಸಿನ್ ಮೂರು ವರ್ಷ, ಗ್ಯಾಸ್ಟ್ರೋ ಮೂರು ವರ್ಷ, ಆಮೇಲೆ ಕಸಿಯ ಹೆಪಟಾಲಜಿ ಒಂದು ವರ್ಷ. ಬ್ರಿಟನ್ನಿನಲ್ಲಿ ಎಂಆರ್‌ಸಿಪಿ ಎಂಬ ಮೆಡಿಸಿನ್ ಪರೀಕ್ಷೆ ಮಾಡಿ, ಗ್ಯಾಸ್ಟ್ರೋ ತರಬೇತಿಯ ಒಳಗೇ ಹೆಪಟಾಲಜಿ ಕಡೆಗೆ ಹೋಗಬೇಕು. ಇಲ್ಲೇ ಡಿಎಂ ಮುಗಿಸಿ, ಒಂದು ವರ್ಷ ಫೆಲೋಶಿಪ್‌ಗೆ ಹೋಗಿ ಬರುವವರೂ ಇದ್ದಾರೆ. ರೋಗಿಗಳ ಸಂಖ್ಯೆ, ಕೈಗೆ ಸಿಗುವ ಕೆಲಸ ಇಲ್ಲಿ ಜಾಸ್ತಿ ಎನ್ನುವುದು ನನ್ನ ಅಭಿಪ್ರಾಯ.

ಬಾಂಡ್, ಸಂಬಳ, ಕೆಲಸ?

ಎಂಡಿ ಮತ್ತು ಡಿಎಂ ಓದುವಾಗ ಸ್ಟೈಪೆಂಡ್ ಬರುತ್ತದೆ. ಮನೆ ಬಾಡಿಗೆ, ಊಟ ಸಾಗುತ್ತದೆ. ಹಲವು ರಾಜ್ಯಗಳು ಕೋರ್ಸ್ ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದು ಬಾಂಡ್ ಬರೆಸಿಕೊಳ್ಳುತ್ತವೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಕಡ್ಡಾಯ ಸೇವೆಗೆ 2012ರ ಕಾಯ್ದೆ ಇದೆ, ಆಮೇಲೆ ತಿದ್ದುಪಡಿಗಳೂ ಆಗಿವೆ. ಸೀಟು ಆರಿಸುವ ಮೊದಲೇ ಬಾಂಡ್ ಎಷ್ಟು ವರ್ಷ, ಮುರಿದರೆ ದಂಡ ಎಷ್ಟು ಎಂದು ಓದಿ. ಸಹಿ ಹಾಕಿದ ಮೇಲೆ ಕೇಳಿ ಉಪಯೋಗವಿಲ್ಲ.

ಕೆಲಸಕ್ಕೆ ಕೊರತೆಯಿಲ್ಲ. ಬೆಂಗಳೂರಿನಲ್ಲೇ ಎಲ್ಲರೂ ಗುಂಪುಗೂಡುತ್ತೇವೆ, ಅದೇ ಬೇಸರ. ಕಸಿ ಬೇಕಾದವರನ್ನು ಬಿಟ್ಟರೆ ಉಳಿದ ಬಹುಪಾಲು ಲಿವರ್ ಚಿಕಿತ್ಸೆಯನ್ನು ವಿಜಯಪುರ, ಶಿವಮೊಗ್ಗದಂತಹ ಊರಿನಲ್ಲೂ ಕೊಡಬಹುದು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೆಪಟೈಟಿಸ್ ಸಿ ಬಹಳಷ್ಟು ಜನರಲ್ಲಿ 12 ವಾರದ ಮಾತ್ರೆಯಿಂದ ಪೂರ್ತಿ ಹೋಗುತ್ತದೆ. ಆ ವೈರಸ್ ಪತ್ತೆಯಾದದ್ದೇ 1989ರಲ್ಲಿ. ನಾವು ಓದುವ ಕಾಲಕ್ಕೆ ತಿಂಗಳುಗಟ್ಟಲೆ ಸೂಜಿ, ಜ್ವರ, ಕೂದಲು ಉದುರುವುದು ಇತ್ತು, ಗುಣವೂ ಖಾತ್ರಿ ಇರಲಿಲ್ಲ. ಒಬ್ಬ ವೈದ್ಯನ ಜೀವಮಾನದೊಳಗೇ ಒಂದು ಕಾಯಿಲೆ ಇಷ್ಟು ಬದಲಾಗುವುದನ್ನು ನೋಡುವುದು ಭಾಗ್ಯ.

ಡಾಕ್ಟರ್ ಆಗದೆ ಈ ಕ್ಷೇತ್ರದಲ್ಲಿ ಕೆಲಸ ಮಾಡಬಹುದಾ?

ಮಾಡಬಹುದು. ಕಸಿ ಸಂಯೋಜಕರು, ಲಿವರ್ ಐಸಿಯು ನರ್ಸ್, ಆಹಾರ ತಜ್ಞರು, ಎಂಡೋಸ್ಕೋಪಿ ಟೆಕ್ನಿಷಿಯನ್ ಇಲ್ಲದೆ ನಮ್ಮ ಒಂದು ದಿನವೂ ನಡೆಯುವುದಿಲ್ಲ. ಸತ್ತವರ ಮನೆಯವರ ಹತ್ತಿರ ಅಂಗದಾನದ ಮಾತೆತ್ತುವ ಸಂಯೋಜಕರ ಕೆಲಸ ನಮಗಿಂತ ಕಷ್ಟದ್ದು.

ಸಾವು ಜಾಸ್ತಿ ನೋಡಬೇಕಾಗುತ್ತದಾ? ಮನಸ್ಸು ತಡೆಯುತ್ತದಾ?

ನೋಡಬೇಕಾಗುತ್ತದೆ. ಕಸಿಗೆ ದುಡ್ಡಿಲ್ಲದೆ, ದಾನಿ ಸಿಗದೆ, ನಲವತ್ತರ ಆಸುಪಾಸಿನವರು ಹೋಗುತ್ತಾರೆ. ಅದು ಅಭ್ಯಾಸವಾಗುವುದಿಲ್ಲ, ಆಗಲೂಬಾರದು. ಸಂಜೆ ಜೊತೆಯವರ ಹತ್ತಿರ ಆ ದಿನದ್ದನ್ನು ಹೇಳಿಕೊಳ್ಳಿ. ನಿದ್ದೆ ಕೆಟ್ಟರೆ, ಬೆಳಿಗ್ಗೆ ಏಳಲು ಮನಸ್ಸೇ ಬಾರದಿದ್ದರೆ ನಾಚಿಕೆ ಬಿಟ್ಟು ಸಹಾಯ ಕೇಳಿ.

ಇನ್ನೊಂದು ಕಡೆಯೂ ಇದೆ. ಲಿವರ್ ಕೆಟ್ಟು ಮಿದುಳಿಗೆ ಮಂಕು ಕವಿದವರು ಹೆಂಡತಿಯ ಗುರುತೂ ಸಿಗದೆ ಮಲಗಿರುತ್ತಾರೆ. ಕೈ ಚಾಚಿಸಿದರೆ ಅಂಗೈ ಹಕ್ಕಿಯ ರೆಕ್ಕೆಯ ಹಾಗೆ ಬಡಿಯುತ್ತದೆ. ಸೋಂಕಿಗೆ ಔಷಧ ಕೊಟ್ಟು, ಲ್ಯಾಕ್ಟುಲೋಸ್ ಕುಡಿಸಿ ಹೊಟ್ಟೆ ಖಾಲಿ ಮಾಡಿಸಿದರೆ ಎಷ್ಟೋ ಸಲ ಎರಡು ದಿನದಲ್ಲಿ ಎದ್ದು ಕೂರುತ್ತಾರೆ. ಮಂಡ್ಯ ಕಡೆಯ ರೈತರೊಬ್ಬರು ಹಾಗೆ ಎಚ್ಚರವಾದ ಕೂಡಲೇ ‘ಹಸ ಕರೆದ್ರಾ?’ ಎಂದು ಕೇಳಿದರು. ಹೆಂಡತಿ ಅಳುತ್ತಲೇ ‘ಹೂಂ, ಕರೆದಾಯ್ತು’ ಎಂದರು.

ಒಂದೆರಡು ದಿನ ಲಿವರ್ ವಾರ್ಡ್ ನೋಡಿ ನಿರ್ಧರಿಸಬಹುದಾ?

ನೋಡಿಯೇ ನಿರ್ಧರಿಸಿ. ಎಂಬಿಬಿಎಸ್‌ನಲ್ಲಿ ಎಲೆಕ್ಟಿವ್ ಎಂದು ಕೆಲವು ವಾರ ಇರುತ್ತದೆ, ಆಗ ಕೇಳಿಕೊಳ್ಳಿ. ಪಿಯುಸಿ ಮಕ್ಕಳನ್ನು ವಾರ್ಡಿನೊಳಗೆ ಬಿಡುವುದಿಲ್ಲ. ಬರುವವರು ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆದು ಒಪ್ಪಿಗೆ ಪಡೆದು ಬನ್ನಿ. ಹೆಪಟೈಟಿಸ್ ಬಿ ಲಸಿಕೆಯ ಕಾರ್ಡ್ ತನ್ನಿ. ರೌಂಡ್ಸ್ ಶುರುವಾಗುವ ಅರ್ಧ ಗಂಟೆ ಮೊದಲೇ ಬಂದು, ಒಬ್ಬ ರೋಗಿಯ ಪಕ್ಕ ಕೂತು, ರಾತ್ರಿ ನಿದ್ದೆ ಬಂತಾ ಎಂದು ಕೇಳಿ.